ಪ್ರಯೋಗಾಲಯ ಪ್ರತಿಕಾಯಗಳ ವ್ಯಾಪಾರ: ಖರೀದಿಗೆ ಮುನ್ನ ಗಮನಿಸತಕ್ಕ ಅಂಶಗಳು

ಪ್ರಯೋಗಾಲಯ ಸಾಮಗ್ರಿಗಳ ವ್ಯಾಪಾರದಲ್ಲಿ ತೊಡಗಿರುವ ಸದಸ್ಯರಿಗೆ ಪಶುರೋಗ ಪತ್ತೆಯ ಸಾಮಗ್ರಿಗಳು ಹೊಸ ಅವಕಾಶವಾಗಿ ತೋರಬಹುದು. ನಾಯಿಗಳ ಡಿಸ್ಟೆಂಪರ್ ವೈರಾಣುವನ್ನು ಗುರುತಿಸುವ ಪ್ರತಿಕಾಯಗಳು ಇಂತಹ ಸರಕುಗಳಲ್ಲೊಂದು. ಗುಜರಾತಿನ ಗಿರ್ ಅರಣ್ಯದಲ್ಲಿ 2018ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ 23 ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ಇದೇ ವೈರಾಣು ತಗಲಿದ್ದುದು ಪರೀಕ್ಷೆಗಳಿಂದ ದೃಢಪಟ್ಟಿತು. ಪರೀಕ್ಷೆ ತಪ್ಪಿದಲ್ಲಿ ಆಗುವ ಹಾನಿ ಎಷ್ಟು ದೂರ ವ್ಯಾಪಿಸಬಲ್ಲದೆಂಬುದಕ್ಕೆ ಇದು ನಿದರ್ಶನ.

ಸರಕಿನ ಸ್ವರೂಪ

ಈ ವೈರಾಣುವಿನ ಹೊರಮೈಯಲ್ಲಿ ಎರಡು ಮುಖ್ಯ ಪ್ರೋಟೀನುಗಳಿವೆ. ಒಂದು ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು, ಅಂದರೆ ಸಮ್ಮಿಳನ ಪ್ರೋಟೀನು, ವೈರಾಣುವಿನ ಪೊರೆಯನ್ನು ಕೋಶದ ಪೊರೆಯೊಡನೆ ಬೆಸೆಯುತ್ತದೆ. ಈ ಎರಡನೆಯದನ್ನು ಗುರುತಿಸುವ ಪ್ರತಿಕಾಯವು ಪುಟ್ಟ ಸೀಸೆಗಳಲ್ಲಿ, ಅನೇಕ ವೇಳೆ 100 ಮೈಕ್ರೋಗ್ರಾಂ, ಎಂದರೆ ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದ ಪ್ರಮಾಣದಲ್ಲಿ ಮಾರಾಟವಾಗುತ್ತದೆ.

ಪ್ರಾಣಿಯ ರಕ್ತದಿಂದ ನೇರವಾಗಿ ಪಡೆದ ಬಹುಮೂಲ ಪ್ರತಿಕಾಯವು ಬ್ಯಾಚಿನಿಂದ ಬ್ಯಾಚಿಗೆ ವ್ಯತ್ಯಾಸವಾಗುವುದು ಸಹಜ. ಕೊಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದ ವಿಧಾನದಿಂದ ತಯಾರಾಗುವ ಏಕಮೂಲ ಪ್ರತಿಕಾಯದಲ್ಲಿ ಈ ವ್ಯತ್ಯಾಸ ಕಡಿಮೆ. ಆದರೂ 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯ ಮೂಲಕ ಪ್ರತಿಕಾಯಗಳಿಗೆ ನಿಶ್ಚಿತ ಮಾನದಂಡ ಬೇಕೆಂದು ಒತ್ತಾಯಿಸಬೇಕಾಯಿತು.

ಖರೀದಿಯ ಷರತ್ತುಗಳು

ಕಾಯಿಸಿ ಬಿಡಿಸಿದ ಪ್ರೋಟೀನನ್ನು ಗುರುತಿಸುವ ಪ್ರತಿಕಾಯವು ಸಹಜ ಆಕಾರದಲ್ಲಿರುವ ಅದೇ ಪ್ರೋಟೀನನ್ನು ಗುರುತಿಸದಿರಬಹುದು. ಈ ವೈರಾಣು ದಡಾರದ ವೈರಾಣುವಿಗೆ ಸಮೀಪದ್ದಾದ ಕಾರಣ ಎರಡಕ್ಕೂ ಸ್ಪಂದಿಸುವ ಪ್ರತಿಕಾಯಗಳೂ ಇವೆ. ಆದುದರಿಂದ ಗ್ರಾಹಕನ ಪರೀಕ್ಷಾ ವಿಧಾನ ಯಾವುದೆಂಬುದನ್ನು ಲಿಖಿತವಾಗಿ ಪಡೆದು, ಆ ವಿಧಾನದಲ್ಲಿ ಪರೀಕ್ಷಿತವಾದ ಬ್ಯಾಚಿನ ಪ್ರಮಾಣಪತ್ರವನ್ನು ಸರಬರಾಜುದಾರರಿಂದ ಕೇಳತಕ್ಕದ್ದು. ಪರೀಕ್ಷಾ ಕಿಟ್ ತಯಾರಿಸುವ ಸಣ್ಣ ಉದ್ಯಮಿಗಳಂತೂ ಹೊಸ ಬ್ಯಾಚನ್ನು ಹಳೆಯದರೊಡನೆ ಹೋಲಿಸಿ ನೋಡದೆ ತಯಾರಿಕೆಗೆ ಇಳಿಸಬಾರದು. ಒಂದು ಸೀಸೆಯ ದೋಷವು ಅದರಿಂದ ತಯಾರಾದ ಎಲ್ಲ ಕಿಟ್‌ಗಳಿಗೂ ಹರಡುತ್ತದೆ.

ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದಲ್ಲಿ ಪ್ರತಿಕಾಯದ ಶಕ್ತಿ ಕುಂದುತ್ತದೆ. ಸೀಸೆ ಮಾತ್ರ ನೋಡಲು ಮೊದಲಿನಂತೆಯೇ ಇರಬಹುದು. ಸಾಗಣೆ ವಿಮೆಯಲ್ಲಿ ತಾಪಮಾನದ ಏರುಪೇರಿನಿಂದಾಗುವ ನಷ್ಟ ಸೇರಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಲೆಕ್ಕಪತ್ರ ಮತ್ತು ತೆರಿಗೆ

ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಅಸಲು ಬೆಲೆ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ತೋರಿಸಬೇಕು. ಅವಧಿ ಮುಗಿಯುತ್ತ ಬಂದ ಸೀಸೆಗಳನ್ನು ವರ್ಷಾಂತ್ಯದಲ್ಲಿ ಪೂರ್ಣ ಬೆಲೆಗೆ ತೋರಿಸುವುದು ಇಲ್ಲದ ಲಾಭವನ್ನು ತೋರಿಸಿದಂತೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಕಲಂ 17(5)(ಎಚ್) ಅನ್ವಯ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಉಚಿತ ಮಾದರಿಯಾಗಿ ಕೊಟ್ಟದ್ದಕ್ಕೂ ಇದೇ ನಿಯಮ. ಹೀಗಾಗಿ ಕೆಟ್ಟ ಸೀಸೆಯ ನಷ್ಟವೆಂದರೆ ಅಸಲು ಬೆಲೆಯ ಜೊತೆಗೆ ತೆರಿಗೆಯೂ ಸೇರಿದ ಮೊತ್ತ.

ದೊಡ್ಡ ಆದೇಶಕ್ಕೆ ದೊರೆಯುವ ರಿಯಾಯಿತಿಯನ್ನು ಈ ಮೊತ್ತದೊಡನೆ ತಾಳೆ ನೋಡಿ, ಖಚಿತ ಬೇಡಿಕೆ ಇರುವಷ್ಟನ್ನೇ ತರಿಸುವುದು ಹಾಗೂ ಬ್ಯಾಚ್ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲೂ ನಮೂದಿಸುವುದು ಸೂಕ್ತ.