ಇಂಜಿನಿಯರಿಂಗ್ ಪದವಿಗೆ ಹೊರದೇಶದಲ್ಲಿ ಬೆಲೆ ಎಷ್ಟು?

ಮಗನನ್ನೋ ಮಗಳನ್ನೋ ಇಂಜಿನಿಯರಿಂಗ್ ಓದಿಸಬೇಕು, ಮುಂದೆ ಅವರು ಹೊರದೇಶದಲ್ಲಿ ಒಳ್ಳೆಯ ಕೆಲಸ ಹಿಡಿಯಬೇಕು ಎಂಬ ಆಸೆ ನಮ್ಮ ಅನೇಕ ಮನೆಗಳಲ್ಲಿದೆ. ಸೀಟು ಆರಿಸುವಾಗ ಫೀಸು, ಹಾಸ್ಟೆಲ್, ಪ್ಲೇಸ್‌ಮೆಂಟ್ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಈ ಪದವಿಯನ್ನು ಬೇರೆ ದೇಶದವರು ಒಪ್ಪುತ್ತಾರೆಯೇ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಯ ತೂಕ 2018ರಲ್ಲಿ ಕುವೈತ್‌ನಲ್ಲಿ ಗೊತ್ತಾಯಿತು. ಇಂಜಿನಿಯರ್ ಎಂಬ ಹುದ್ದೆಯಲ್ಲಿರುವ ವಿದೇಶಿಯರ ಇಕಾಮ ನವೀಕರಣಕ್ಕೆ ಕುವೈತ್ ಇಂಜಿನಿಯರುಗಳ ಸಂಘದ ಒಪ್ಪಿಗೆ ಕಡ್ಡಾಯವಾಯಿತು. ಭಾರತದ ಪದವಿಯಾದರೆ ಅದಕ್ಕೆ ನಮ್ಮ ದೇಶದ ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್‌ಬಿಎಯ, ಮಾನ್ಯತೆ ಇದೆಯೇ ಎಂದು ಸಂಘ ನೋಡತೊಡಗಿತು. ಎಷ್ಟೋ ವರ್ಷ ದುಡಿದ ಅನುಭವಿಗಳು, ಹೆಸರುವಾಸಿ ಕಾಲೇಜುಗಳಲ್ಲಿ ಓದಿದವರು ಕೂಡ ತೊಂದರೆಗೆ ಸಿಲುಕಿದರು. ಅವರ ತಪ್ಪೇನೂ ಇರಲಿಲ್ಲ. ಎನ್‌ಬಿಎ ಶುರುವಾದದ್ದೇ 1994ರಲ್ಲಿ. ಅದರ ಮಾನ್ಯತೆಗೆ ಕಾಲೇಜುಗಳು ತಾವಾಗಿಯೇ ಅರ್ಜಿ ಹಾಕಬೇಕು. ಅನೇಕ ಕಾಲೇಜುಗಳು ಹಾಕಿರಲೇ ಇಲ್ಲ. ಹಳೆಯ ಪದವಿಗಳ ವಿಷಯದಲ್ಲಿ ಇನ್ನು ಮಾಡುವುದೇನೂ ಇಲ್ಲ. ಆದರೆ ಈಗ ಕಾಲೇಜು ಸೇರುವವರು ಮೊದಲೇ ತಿಳಿದುಕೊಳ್ಳಬಹುದು.

ವಾಷಿಂಗ್ಟನ್ ಒಪ್ಪಂದ ಎಂದರೇನು?

1989ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಐರ್ಲೆಂಡ್, ಈ ಆರು ದೇಶಗಳ ಇಂಜಿನಿಯರಿಂಗ್ ಮಾನ್ಯತಾ ಸಂಸ್ಥೆಗಳು ಒಂದು ಒಪ್ಪಂದ ಮಾಡಿಕೊಂಡವು. 'ನೀವು ನಿಮ್ಮ ದೇಶದಲ್ಲಿ ಪರೀಕ್ಷಿಸಿ ಮಾನ್ಯತೆ ಕೊಟ್ಟ ಕೋರ್ಸನ್ನು ನಾವು ನಮ್ಮ ಕೋರ್ಸಿಗೆ ಬಹುಮಟ್ಟಿಗೆ ಸಮಾನವೆಂದು ಒಪ್ಪುತ್ತೇವೆ, ನೀವೂ ಹಾಗೆಯೇ ಮಾಡಿ' ಎಂಬುದೇ ಅದರ ಸಾರ. ಇದು ಸರ್ಕಾರಗಳ ನಡುವಿನ ಒಪ್ಪಂದವಲ್ಲ, ಮಾನ್ಯತಾ ಸಂಸ್ಥೆಗಳ ನಡುವಿನದು. ಮುಂದೆ ಜಪಾನ್, ಸಿಂಗಾಪುರ, ಮಲೇಷ್ಯಾ, ಟರ್ಕಿ ಮುಂತಾದ ದೇಶಗಳ ಸಂಸ್ಥೆಗಳೂ ಸೇರಿದವು. ಭಾರತದ ಪರವಾಗಿ ಎನ್‌ಬಿಎ ಪೂರ್ಣ ಸದಸ್ಯನಾದದ್ದು 2014ರ ಜೂನ್ 13ರಂದು.

ಪಠ್ಯಕ್ರಮ ಎಲ್ಲ ದೇಶಗಳಲ್ಲೂ ಒಂದೇ ಇರಬೇಕೆಂದು ಒಪ್ಪಂದ ಹೇಳುವುದಿಲ್ಲ. ಓದಿ ಹೊರಬಂದ ವಿದ್ಯಾರ್ಥಿಗೆ ಏನು ಬರುತ್ತದೆ ಎಂಬುದನ್ನು ಅದು ನೋಡುತ್ತದೆ. ಸಮಸ್ಯೆ ಬಿಡಿಸುವ ಶಕ್ತಿ, ವಿನ್ಯಾಸ, ತಂಡದೊಂದಿಗೆ ದುಡಿಯುವುದು, ವೃತ್ತಿಯ ನೀತಿ, ಇವೆಲ್ಲ ಅದರ ಅಳತೆಗೋಲುಗಳು. ಸದಸ್ಯ ಸಂಸ್ಥೆಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ಉಳಿದವರು ಕಾಲಕಾಲಕ್ಕೆ ಬಂದು ಪರಿಶೀಲಿಸುತ್ತಾರೆ.

ಗೊಂದಲ ಹುಟ್ಟಿಸುವ ಮೂರು ಹೆಸರುಗಳು

ಕಾಲೇಜುಗಳ ಜಾಹೀರಾತಿನಲ್ಲಿ ಎಐಸಿಟಿಇ, ನ್ಯಾಕ್, ಎನ್‌ಬಿಎ ಎಂಬ ಮೂರು ಹೆಸರುಗಳು ಒಟ್ಟಿಗೆ ಕಾಣುತ್ತವೆ. ಮೂರೂ ಒಂದೇ ಅಲ್ಲ. ಎಐಸಿಟಿಇ ಕೊಡುವುದು ಕೋರ್ಸು ನಡೆಸಲು ಅನುಮೋದನೆ. ನ್ಯಾಕ್ ಇಡೀ ಸಂಸ್ಥೆಗೆ ಮಾನ್ಯತೆ ಕೊಡುತ್ತದೆ. ಎನ್‌ಬಿಎ ಮಾನ್ಯತೆ ಸಿಗುವುದು ಒಂದೊಂದು ಬ್ರ್ಯಾಂಚಿಗೆ, ಅದೂ ನಿಗದಿತ ವರ್ಷಗಳಿಗೆ ಮಾತ್ರ. ಒಂದೇ ಕಾಲೇಜಿನ ಸಿವಿಲ್ ವಿಭಾಗಕ್ಕೆ ಮಾನ್ಯತೆ ಇದ್ದು ಮೆಕ್ಯಾನಿಕಲ್‌ಗೆ ಇಲ್ಲದಿರಬಹುದು. ಇಂದು ಇರುವ ಮಾನ್ಯತೆ ಮಗು ಪದವಿ ಪಡೆಯುವ ಹೊತ್ತಿಗೆ ಮುಗಿದೂ ಹೋಗಿರಬಹುದು.

ಇನ್ನೊಂದು ಸೂಕ್ಷ್ಮ ನಮ್ಮ ರಾಜ್ಯದವರಿಗೆ ಬಹಳ ಮುಖ್ಯ. ಎನ್‌ಬಿಎ ಎರಡು ಬಗೆಯಲ್ಲಿ ಮಾನ್ಯತೆ ಕೊಡುತ್ತದೆ. ವಿಶ್ವವಿದ್ಯಾಲಯಗಳು ಮತ್ತು ಸ್ವಾಯತ್ತ ಕಾಲೇಜುಗಳು ಟಯರ್-1ರಲ್ಲಿ ಬರುತ್ತವೆ. ಸ್ವಾಯತ್ತತೆ ಇಲ್ಲದ ಸಂಯೋಜಿತ ಕಾಲೇಜುಗಳು ಟಯರ್-2ರಲ್ಲಿ. ವಾಷಿಂಗ್ಟನ್ ಒಪ್ಪಂದದ ಪ್ರಯೋಜನ ಟಯರ್-1 ಮಾನ್ಯತೆಗೆ ಮಾತ್ರ. ಬೆಳಗಾವಿಯ ವಿಟಿಯು ಅಡಿಯಲ್ಲಿ ಎರಡೂ ಬಗೆಯ ಕಾಲೇಜುಗಳಿವೆ. 'ಎನ್‌ಬಿಎ ಇದೆ' ಎಂಬ ಒಂದೇ ಮಾತಿಗೆ ತೃಪ್ತರಾಗದೆ, ಯಾವ ಟಯರ್ ಎಂದೂ ಕೇಳಬೇಕು. ಟಯರ್-2 ಎಂದರೆ ಕಳಪೆ ಎಂದಲ್ಲ. ಆ ಪದವಿ ಈ ಒಪ್ಪಂದದೊಳಗೆ ಬರುವುದಿಲ್ಲ ಎಂದಷ್ಟೇ ಅರ್ಥ. ಹಾಗೆಯೇ ಈ ಒಪ್ಪಂದ ಬಿಇ, ಬಿಟೆಕ್‌ನಂಥ ಪದವಿಗೆ ಸಂಬಂಧಿಸಿದ್ದು, ಡಿಪ್ಲೊಮಾಗೆ ಅನ್ವಯಿಸದು.

ಒಪ್ಪಂದದಿಂದ ಸಿಗುವುದೇನು, ಸಿಗದಿರುವುದೇನು?

ಆಸ್ಟ್ರೇಲಿಯಾದ ಉದಾಹರಣೆ ನೋಡೋಣ. ಅಲ್ಲಿ ಇಂಜಿನಿಯರ್ ಆಗಿ ವಲಸೆ ಹೋಗುವವರ ಅರ್ಹತೆಯನ್ನು 'ಇಂಜಿನಿಯರ್ಸ್ ಆಸ್ಟ್ರೇಲಿಯಾ' ಸಂಸ್ಥೆ ಅಳೆಯುತ್ತದೆ. ಒಪ್ಪಂದದೊಳಗಿನ ಪದವಿ ಇದ್ದವರಿಗೆ ನೇರವಾದ ದಾರಿಯಿದೆ. ಇಲ್ಲದವರು ತಮ್ಮ ಕೆಲಸದ ಮೂರು ಸಂದರ್ಭಗಳನ್ನು ವಿವರವಾಗಿ ಬರೆದು, ತಮ್ಮ ಸಾಮರ್ಥ್ಯವನ್ನು ತಾವೇ ಸಾಬೀತು ಮಾಡಬೇಕು. ಬಾಗಿಲು ಮುಚ್ಚಿರುವುದಿಲ್ಲ, ದಾರಿ ಮಾತ್ರ ಉದ್ದ.

ಆದರೆ ಈ ಒಪ್ಪಂದ ವೀಸಾ ಕೊಡುವುದಿಲ್ಲ, ಕೆಲಸ ಕೊಡಿಸುವುದಿಲ್ಲ, ವೃತ್ತಿಯ ಪರವಾನಗಿಯನ್ನೂ ಕೊಡುವುದಿಲ್ಲ. ಅಮೆರಿಕದಲ್ಲಿ ಪರವಾನಗಿ ರಾಜ್ಯಗಳ ಮಂಡಳಿಗಳ ಕೈಯಲ್ಲಿದೆ. ಅದಕ್ಕೆ ಪರೀಕ್ಷೆ, ಅನುಭವ ಎರಡೂ ಬೇಕು. ಕೆನಡಾದಲ್ಲಿ ಪ್ರಾಂತ್ಯಗಳ ಸಂಸ್ಥೆಗಳು ಅದನ್ನು ನಿರ್ಧರಿಸುತ್ತವೆ. ಗಲ್ಫ್ ದೇಶಗಳು ತಮ್ಮ ತಮ್ಮ ನಿಯಮಗಳನ್ನೇ ಅನುಸರಿಸುತ್ತವೆ. ಸೌದಿಯಲ್ಲಿ ಇಂಜಿನಿಯರ್ ಆಗಿ ದುಡಿಯಲು ಸೌದಿ ಕೌನ್ಸಿಲ್ ಆಫ್ ಇಂಜಿನಿಯರ್ಸ್‌ನಲ್ಲಿ ನೋಂದಣಿ ಆಗಲೇಬೇಕು. ಕುವೈತ್ ಈ ಒಪ್ಪಂದದಲ್ಲಿ ಇಲ್ಲದಿದ್ದರೂ ಎನ್‌ಬಿಎ ಮಾನ್ಯತೆ ಕೇಳಿತು ಎಂಬುದನ್ನು ಮರೆಯಬಾರದು.

ಅಟೆಸ್ಟೇಷನ್ ಆಗಿದೆಯಲ್ಲ, ಇನ್ನೇನು ಬೇಕು ಎನ್ನುವವರಿದ್ದಾರೆ. ಅಟೆಸ್ಟೇಷನ್ ಎಂದರೆ ಈ ಸರ್ಟಿಫಿಕೇಟ್ ಅಸಲಿ ಎಂಬ ಸಾಕ್ಷಿ ಮಾತ್ರ. ಆ ಓದನ್ನು ಆ ದೇಶ ಒಪ್ಪುತ್ತದೆಯೇ ಎಂಬುದು ಬೇರೆಯೇ ವಿಷಯ.

ಸೀಟು ಒಪ್ಪಿಕೊಳ್ಳುವ ಮುನ್ನ

ಸಿಇಟಿ ಆಪ್ಷನ್ ಎಂಟ್ರಿಗೆ ಕೂರುವ ಮೊದಲು ಮನೆಯವರು ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ.

1. ನಾವು ಆರಿಸುವ ಬ್ರ್ಯಾಂಚಿಗೇ ಎನ್‌ಬಿಎ ಮಾನ್ಯತೆ ಇದೆಯೇ?
2. ಅದು ಟಯರ್-1 ಅಥವಾ ಟಯರ್-2?
3. ಯಾವ ವರ್ಷದಿಂದ ಯಾವ ವರ್ಷದವರೆಗೆ ಇದೆ? ಮುಗಿಯುವುದಿದ್ದರೆ ಕಾಲೇಜು ಮತ್ತೆ ಅರ್ಜಿ ಹಾಕುತ್ತದೆಯೇ?
4. ಹೋಗಬೇಕೆಂದಿರುವ ದೇಶ ಏನನ್ನು ಕೇಳುತ್ತದೆ?

ಮೊದಲ ಮೂರಕ್ಕೆ ಉತ್ತರ ಎನ್‌ಬಿಎ ಜಾಲತಾಣದಲ್ಲೇ ಇದೆ. ಏಜೆಂಟರ ಮಾತನ್ನು ನೆಚ್ಚಿಕೊಳ್ಳದೆ ಅಲ್ಲಿ ನೋಡಿ. ಆ ಪುಟದ ಒಂದು ಪ್ರತಿಯನ್ನು ಅಂಕಪಟ್ಟಿಗಳ ಜೊತೆ ಜೋಪಾನವಾಗಿಡಿ. ಈಗಾಗಲೇ ಪದವಿ ಮುಗಿಸಿದವರು ಧೈರ್ಯಗೆಡಬೇಕಾಗಿಲ್ಲ. ಸಿಲಬಸ್ ಪ್ರತಿ, ಅನುಭವ ಪತ್ರ, ಮಾಡಿದ ಪ್ರಾಜೆಕ್ಟುಗಳ ದಾಖಲೆ, ಇವನ್ನು ಆಯಾ ಸಂಸ್ಥೆಗಳಲ್ಲಿರುವಾಗಲೇ ಪಡೆದಿಟ್ಟುಕೊಂಡರೆ ಉದ್ದದ ದಾರಿಯಲ್ಲಿ ಅವೇ ನೆರವಿಗೆ ಬರುತ್ತವೆ.

ನಾಲ್ಕು ವರ್ಷದ ಶ್ರಮ, ತಂದೆ ತಾಯಿಯ ಉಳಿತಾಯ, ಕೆಲವೊಮ್ಮೆ ಮನೆಯ ಒಡವೆಯೂ ಒಂದು ಸೀಟಿಗಾಗಿ ಹೋಗುತ್ತದೆ. ಆರಿಸುವ ಮೊದಲು ಅರ್ಧ ಗಂಟೆ ವಿಚಾರಿಸುವುದಕ್ಕೆ ಖರ್ಚೇನೂ ಇಲ್ಲ.