ಹೆಬ್ಬೆಟ್ಟು ಮತ್ತು ಒಪ್ಪಿಗೆ

ವೈದ್ಯಕೀಯ ಸಂಶೋಧನೆಯಿಂದ ನಮ್ಮ ಬೆಳಗಾವಿಯ ಹೆಸರು ಜಗತ್ತಿಗೆ ಪರಿಚಿತವಾಗಿರುವ ಸಂಗತಿಯನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. ಇಲ್ಲಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು 2002ರಿಂದ 2005ರ ವರೆಗೆ ಅಮೆರಿಕದ ವಿದ್ವಾಂಸರೊಡಗೂಡಿ ಈ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಯಿಸಿದರು. ಹೆರಿಗೆಯ ತರುವಾಯದ ಅತಿ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯು ತಡೆಯಬಲ್ಲುದೇ ಎಂಬುದು ಪ್ರಶ್ನೆ. 1620 ಬಾಣಂತಿಯರಲ್ಲಿ 812 ಮಂದಿಗೆ ಔಷಧ ದೊರೆಯಿತು. 808 ಮಂದಿಗೆ ಔಷಧವಿಲ್ಲದ ತೋರಿಕೆಯ ಗುಳಿಗೆ. ರಕ್ತಸ್ರಾವವು ಎರಡನೆಯ ಗುಂಪಿನಲ್ಲಿ ನೂರಕ್ಕೆ 12 ಇದ್ದುದು ಮೊದಲನೆಯದರಲ್ಲಿ 6.4 ಮಾತ್ರ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಅಭಿಮಾನಪಡತಕ್ಕ ಕಾರ್ಯವೇ ಸರಿ.

ಈ ಪರೀಕ್ಷೆಗೆ ಸ್ತ್ರೀಯರ ಒಪ್ಪಿಗೆ ಪಡೆದಿದ್ದರು. ನಮ್ಮ ಮಾತು ಅದರ ಮೇಲಿನ ಆಕ್ಷೇಪಣೆಯಲ್ಲ. ಮುಂದೆ ನಡೆಯತಕ್ಕ ಪರೀಕ್ಷೆಗಳನ್ನು ಕುರಿತದ್ದು. ವೈದ್ಯನು ಕೊಡುವುದೆಲ್ಲ ತನ್ನ ಹಿತಕ್ಕೆಂದೇ ರೋಗಿಯು ನಂಬುತ್ತಾನೆ. ಇಲ್ಲಿಯಾದರೋ ಯಾರಿಗೆ ಯಾವ ಗುಳಿಗೆಯೆಂಬುದು ಚೀಟಿಯೆತ್ತಿದಂತೆ ನಿರ್ಣಯವಾಗತಕ್ಕದ್ದು. ಇದನ್ನು ಓದುಬಲ್ಲ ನಮ್ಮ ವಕೀಲರಿಗೆ ತಿಳಿಸುವುದೇ ಕಷ್ಟ. ಓದು ಬಾರದವಳ ಹೆಬ್ಬೆಟ್ಟು ಕಾಗದದ ಮೇಲೆ ಬಿದ್ದ ಮಾತ್ರಕ್ಕೆ ಅವಳಿಗೆ ತಿಳಿಯಿತೆನ್ನಬಹುದೇ?

ಇನ್ನೊಂದು ತೊಡಕುಂಟು. ಮೇಲಿನ ಪರೀಕ್ಷೆಯಲ್ಲಿ ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತವನ್ನು ಅಳೆದವರು ಎಲ್ಲರೂ ಅದೇ 25 ಮಂದಿ ಸಹಾಯಕ ದಾದಿಯರು. ಕಾಕತಿಯು ಕಿತ್ತೂರ ಚೆನ್ನಮ್ಮನ ತವರು. 1824ರಲ್ಲಿ ಕಲೆಕ್ಟರ ಥ್ಯಾಕರೆಗೆ ಒಲ್ಲೆನೆಂದ ರಾಣಿಯವಳು. ಆದರೆ ಅದೇ ಕಾಕತಿಯ ಗರ್ಭಿಣಿಯೊಬ್ಬಳು ದವಾಖಾನೆಯ ದಾದಿಗೆ ಒಲ್ಲೆನೆನ್ನಬಲ್ಲಳೇ? ನಾಳೆ ನೋವೆದ್ದಾಗ ಬರಬೇಕಾದವಳು ಅವಳೇ. ‘ನೀವು ಹೇಳಿದಂಗ ಆಗಲ್ರೀ, ಬಾಯಾರ’ ಎಂಬ ಮಾತನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಸುಲಭ.

ಕೇಳದೆಯೇ ಬರೆದುಕೊಂಡದ್ದೂ ಉಂಟು. ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಬಾಲಕಿಯರಿಗೆ ಲಸಿಕೆ ಹಾಕಿದಾಗ ಎಷ್ಟೋ ಒಪ್ಪಿಗೆ ಪತ್ರಗಳಿಗೆ ವಸತಿಗೃಹದ ಮೇಲ್ವಿಚಾರಕರೇ ಸಹಿ ಮಾಡಿದ್ದರು, ತಾಯಿತಂದೆಗಳಿಗೆ ಸುದ್ದಿಯಿಲ್ಲ. 2010ರಲ್ಲಿ ಸರಕಾರವು ಆ ಕಾರ್ಯವನ್ನು ನಿಲ್ಲಿಸಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಗಳು ಅಕ್ಷರಸ್ಥ ನಿಷ್ಪಕ್ಷಪಾತ ಸಾಕ್ಷಿಯನ್ನು ಕೇಳುತ್ತವೆ. ಯಾವಾಗ ಬೇಕಾದರೂ ಹಿಂದೆಗೆಯುವ ಹಕ್ಕನ್ನೂ ಕೊಡುತ್ತವೆ. ಆ ಸಾಕ್ಷಿಯು ದವಾಖಾನೆಯ ನೌಕರನಾಗಿರದೆ ಊರಿನವನಾಗಿರಲಿ. ಕೇಳುವವರು ಬೇರೆ, ಹೆರಿಗೆ ಮಾಡಿಸುವವರು ಬೇರೆ ಆಗಿರಲಿ. ಖಾನಾಪುರದ ಕಡೆ ಮರಾಠಿಯಾಡುವ ಮನೆಯಲ್ಲಿ ಮರಾಠಿಯಲ್ಲಿಯೇ ಓದಿ ಹೇಳಲಿ. ನೋವು ತಿನ್ನುವ ಗಳಿಗೆಯಲ್ಲಿ ಕಾಗದ ಚಾಚದೆ ತಿಂಗಳು ಮುಂಚಿತವಾಗಿಯೇ ತಿಳಿಸಿ, ಅವಳು ತನ್ನ ಮಾತಿನಲ್ಲಿ ತಿರುಗಿ ಹೇಳಿದ ಮೇಲೆ ಮಾತ್ರ ಹೆಬ್ಬೆಟ್ಟು ಪಡೆಯಲಿ. ಒಲ್ಲೆನೆಂದವಳ ಮನೆಗೂ ದಾದಿಯು ಅದೇ ವೇಳೆಗೆ ಹೋಗುತ್ತಾಳೆಯೇ ಎಂಬುದನ್ನು ನಮ್ಮ ನೈತಿಕ ಸಮಿತಿಗಳ ಸದಸ್ಯರು ಹಳ್ಳಿಗೆ ಹೋಗಿ ವಿಚಾರಿಸಲಿ.