ಗಾಜಿನ ಹಿಂದಣ ಸಂಸಾರ

ಗಿಣಿ ಸಾಕುವವರುಂಟು, ನಾಯಿ ಸಾಕುವವರುಂಟು, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರೂ ನಗರಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ರಕ್ತಮಾಂಸಗಳಿಲ್ಲದ, ಮುಟ್ಟಹೋದರೆ ಗಾಜು ಮಾತ್ರವೇ ಬೆರಳಿಗೆ ತಗಲುವ ಪ್ರಾಣಿಗಳನ್ನು ಸಾಕಿ, ಅವುಗಳಿಗೆ ಮಾತು ಕಲಿಸಿ, ಅವು ಸತ್ತಾಗ ಗೋರಿಯ ಮೇಲೆ ಬರೆಯಲು ಎರಡು ಸಾಲು ಹುಡುಕಿದವರ ಸಂಗತಿ ವಾಚಕರಲ್ಲಿ ಅನೇಕರಿಗೆ ಹೊಸದಾಗಿರಬಹುದು. ೧೯೯೬ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಸಂಸ್ಥೆಯೊಂದು ಹೊರತಂದ ‘ಕ್ರೀಚರ್ಸ್’ ಎಂಬ ಗಣಕಯಂತ್ರದ ಆಟವು ಇಂತಹ ವಿಚಿತ್ರ ವಾತ್ಸಲ್ಯವನ್ನು ಹುಟ್ಟಿಸಿತು. ಸ್ಟೀವ್ ಗ್ರ್ಯಾಂಡ್ ಎಂಬಾತ ಅದರ ಕರ್ತೃ.

ಈ ಆಟದ ಲೋಕಕ್ಕೆ ಆಲ್ಬಿಯಾ ಎಂದು ಹೆಸರು. ಅಲ್ಲಿ ಹುಟ್ಟಿ ಬೆಳೆಯುವ, ಅಗಲಗಣ್ಣಿನ, ರೋಮಭರಿತ ದ್ವಿಪಾದಿಗಳೇ ನಾರ್ನ್‌ಗಳು. ಇವನ್ನು ಸೂತ್ರದ ಬೊಂಬೆಗಳೆಂದು ಬಗೆಯಬಾರದು. ಪ್ರತಿಯೊಂದರ ತಲೆಯಲ್ಲಿಯೂ ಸುಮಾರು ಒಂದು ಸಾವಿರ ಕೃತಕ ನರಕೋಶಗಳಿವೆ; ದೇಹದಲ್ಲಿ ಹಸಿವು, ನೋವು, ಭಯ, ಒಂಟಿತನಗಳನ್ನು ಅಳೆಯುವ ರಾಸಾಯನಿಕಗಳು ಏರುತ್ತ ಇಳಿಯುತ್ತ ಇರುತ್ತವೆ; ಇವೆಲ್ಲಕ್ಕೂ ನಕ್ಷೆಯಾಗಿ ತಾಯಿತಂದೆಗಳಿಂದ ಬಂದ ವಂಶವಾಹಿಗಳ ಮಾಲೆಯೊಂದು ಉಂಟು. ಆಡುವವನು ನಾರ್ನನ್ನು ನಡೆಸಲಾರ. ಅವನಿಗೆ ದತ್ತವಾಗಿರುವುದು ತೆರೆಯ ಮೇಲಿನ ಒಂದು ಕೈ ಮಾತ್ರ. ಅದರಿಂದ ಮರಿಯನ್ನು ಕಚಗುಳಿಯಿಟ್ಟು ಮುದ್ದಿಸಬಹುದು, ಇಲ್ಲವೆ ಪೃಷ್ಠಕ್ಕೆ ಒಂದು ಪೆಟ್ಟು ಕೊಡಬಹುದು.

ಈ ಪೆಟ್ಟಿನ ವಿಷಯದಲ್ಲಿಯೇ ಹೊಸಬರು ಎಡವುವುದು. ಮುದ್ದಿಸಿದಾಗ ಮರಿಯ ದೇಹದಲ್ಲಿ ಸಂತೋಷದ ರಾಸಾಯನಿಕವೂ, ಹೊಡೆದಾಗ ಶಿಕ್ಷೆಯ ರಾಸಾಯನಿಕವೂ ಸ್ರವಿಸುತ್ತವೆ. ಆ ಗಳಿಗೆಗೆ ಸ್ವಲ್ಪ ಮುಂಚೆ ಏನು ಮಾಡಿತ್ತೋ ಅದನ್ನೇ ಮಿದುಳು ಆ ಫಲದೊಡನೆ ಗಂಟು ಹಾಕಿಕೊಳ್ಳುತ್ತದೆ. ವಿಷದ ಗಿಡವನ್ನು ತಿಂದ ಮರಿ, ನೀವು ಕೈ ಎತ್ತುವಷ್ಟರಲ್ಲಿ ಕ್ಯಾರೆಟ್ಟಿನ ಕಡೆಗೆ ತಿರುಗಿದ್ದರೆ ಅದು ಕಲಿಯುವ ಪಾಠ ಕ್ಯಾರೆಟ್ಟು ಕೆಟ್ಟದ್ದು ಎಂಬುದು! ಆಮೇಲೆ ಹಸಿದು ಸಾಯುವ ಮರಿಯನ್ನು ಕಂಡು ‘ದಡ್ಡ ತಳಿ’ ಎಂದು ದೂರುವುದರಲ್ಲಿ ಅರ್ಥವಿಲ್ಲ. ಹೊಡೆತ ತಡವಾಯಿತೆಂದು ತೋರಿದರೆ ಹೊಡೆಯದಿರುವುದೇ ಲೇಸು. ಮರಿ ತಾನಾಗಿ ಜೇನನ್ನೋ ಗಿಣ್ಣನ್ನೋ ತಿಂದ ಕೂಡಲೆ ಮುದ್ದಿಸಿರಿ. ಮೊದಲು ಕಲಿಕೆಯ ಯಂತ್ರದ ಮುಂದೆ ಕೂಡಿಸಿ ನಾಲ್ಕು ಮಾತು ಕಲಿಸಿರಿ. ಮಾತು ಬಂದ ಮೇಲೆ ‘ತಿನ್ನು’ ಎಂದು ಹೇಳಿ ತಿನ್ನಿಸಬಹುದು, ಹೇಳಿದ್ದನ್ನೆಲ್ಲ ಅದು ಕೇಳುತ್ತದೆಂದಲ್ಲ. ಗ್ರೆಂಡೆಲ್ ಎಂಬ ಹಸಿರು ಮೈಯ ದುಷ್ಟಪ್ರಾಣಿಗಳನ್ನು ದೂರವಿಡುವುದು ಅತ್ಯವಶ್ಯ. ಅವುಗಳ ಹೊಡೆತಕ್ಕಿಂತ ಅವು ಹೊತ್ತು ತರುವ ರೋಗವೇ ಹೆಚ್ಚು ಅಪಾಯಕರ.

ಇನ್ನು ತಳಿಯ ವಿಚಾರ. ನನ್ನ ಮಟ್ಟಿಗೆ ಈ ಆಟದ ತಿರುಳೆಲ್ಲ ಇಲ್ಲಿದೆ.

ಮನುಷ್ಯರಲ್ಲಿ ವಂಶವಾಹಿಗಳು ಜೋಡಿ ಜೋಡಿಯಾಗಿರುತ್ತವೆ. ಒಂದು ಕೆಟ್ಟರೂ ಅನೇಕ ವೇಳೆ ಇನ್ನೊಂದು ಕೆಲಸ ನಡೆಸುತ್ತದೆ. ಗ್ರ್ಯಾಂಡ್ ತನ್ನ ನಾರ್ನ್‌ಗಳಿಗೆ ಒಂದೇ ಎಳೆಯ ವರ್ಣತಂತುವನ್ನು ಕೊಟ್ಟ. ತಾಯಿಯ ಎಳೆಯಿಂದ ಒಂದು ತುಂಡು, ತಂದೆಯ ಎಳೆಯಿಂದ ಒಂದು ತುಂಡು, ಹೀಗೆ ಕತ್ತರಿಸಿ ಜೋಡಿಸಿದ ಒಂದೇ ಮಾಲೆ ಮರಿಯ ಪಾಲಿಗೆ. ಕತ್ತರಿಸುವಾಗ ಮಣಿಯೊಂದು ಬಿದ್ದುಹೋಗಬಹುದು, ಎರಡೆರಡು ಸಲ ಪೋಣಿಸಲ್ಪಡಬಹುದು, ಬಣ್ಣವೇ ಬದಲಾಗಬಹುದು. ಆಸರೆಗೆ ಎರಡನೆಯ ಪ್ರತಿ ಇಲ್ಲವಾದ್ದರಿಂದ ದೋಷ ಕೂಡಲೆ ಪ್ರಕಟವಾಗಬೇಕೆಂದು ಯಾರಿಗಾದರೂ ತೋರುವುದು ಸಹಜ. ಹಾಗಾಗುವುದಿಲ್ಲ. ಕೆಲವು ವಂಶವಾಹಿಗಳು ಗಂಡಿನಲ್ಲಿ ಮಾತ್ರ, ಕೆಲವು ಹೆಣ್ಣಿನಲ್ಲಿ ಮಾತ್ರ ಫಲ ಕೊಡುತ್ತವೆ. ಮತ್ತೆ ಕೆಲವು ಯೌವನದಲ್ಲಿಯೋ ಮುಪ್ಪಿನಲ್ಲಿಯೋ ಎಚ್ಚರಗೊಳ್ಳುತ್ತವೆ. ಆರೋಗ್ಯವಂತಳಾದ ತಾಯಿಯ ಒಡಲಲ್ಲಿ ಗಂಡುಮಕ್ಕಳಿಗೆ ಮಾತ್ರ ಮುಳುವಾಗುವ ದೋಷ ಸದ್ದಿಲ್ಲದೆ ಕುಳಿತಿರಬಹುದು. ಮುಪ್ಪಿಗೆ ಮೀಸಲಾದ ದೋಷವಂತೂ, ಅದು ಕಾಣಿಸಿಕೊಳ್ಳುವ ವೇಳೆಗೆ ಮೊಮ್ಮಕ್ಕಳಿಗೂ ಹಂಚಿಹೋಗಿರುತ್ತದೆ. ಮನುಷ್ಯರಲ್ಲಿ ಹಂಟಿಂಗ್ಟನ್ ಎಂಬ ನರರೋಗ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ತಲೆದೋರಿ ವಂಶಗಳನ್ನು ಕಾಡುವುದು ಇದೇ ದಾರಿಯಿಂದ.

ಆದ್ದರಿಂದ ಪ್ರಾಯಕ್ಕೆ ಬಂದ ಮೊದಲ ಜೋಡಿಯನ್ನೇ ಅವಸರದಿಂದ ಕೂಡಿಸಬಾರದು. ಅಜ್ಜ ಅಜ್ಜಿಯರು ನೆಟ್ಟಗೆ ತಿಂದು, ಮಲಗಿ, ಮುದಿಯಾಗಿ ಸತ್ತರೇ ಎಂದು ನೋಡಿರಿ. ಹೆಣ್ಣು ಕೊಡುವಾಗ ಮನೆತನ ವಿಚಾರಿಸುವ ನಮ್ಮ ಹಿರಿಯರಿಗೆ ಈ ಬುದ್ಧಿವಾದವೇನೂ ಹೊಸದಲ್ಲ! ಮೊಟ್ಟೆಯನ್ನು ಶಾಖಯಂತ್ರದಲ್ಲಿಟ್ಟು ಮರಿ ಮಾಡುವುದು ನಿಮ್ಮ ಕೈಯಲ್ಲಿದೆ; ಎಲ್ಲ ಮೊಟ್ಟೆಗಳಿಗೂ ಒಮ್ಮೆಲೆ ಶಾಖ ಕೊಟ್ಟರೆ ಗುಂಪು ಹೆಚ್ಚಿ, ಆಹಾರವೂ ನಿಮ್ಮ ಲಕ್ಷ್ಯವೂ ಯಾರಿಗೂ ಸಾಲದಾಗುತ್ತದೆ.

ಇಲ್ಲಿ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ. ಹಸಿವಿನ ಅರಿವೇ ಇಲ್ಲದ ಮರಿಯೊಂದು ಹುಟ್ಟಿತೆನ್ನಿ. ಹೊತ್ತುಹೊತ್ತಿಗೆ ನೀವೇ ಮುಂದೆ ನಿಂತು ತಿನ್ನಿಸಿದರೆ ಅದು ಬದುಕುತ್ತದೆ, ಪ್ರಾಯಕ್ಕೂ ಬರುತ್ತದೆ, ತನ್ನ ದೋಷವನ್ನು ಸಂತಾನಕ್ಕೂ ದಾಟಿಸುತ್ತದೆ. ಕೈಬಿಟ್ಟರೆ ತಳಿ ಶುದ್ಧವಾಗುತ್ತದೆ, ಮರಿ ಮಾತ್ರ ಕಣ್ಣೆದುರಿಗೇ ಸೊರಗಿ ಸಾಯುತ್ತದೆ. ಸಾಕಬೇಕು, ಆದರೆ ಅದರ ಮೊಟ್ಟೆಗೆ ಶಾಖ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರು. ಈ ಪ್ರಾಣಿಗಳನ್ನು ಬೇಕೆಂದೇ ಹೊಡೆದು ಬಡಿದು ಬೆಳೆಸಿದವರೂ, ಹಾಗೆ ಬೆದರಿದ ಮರಿಗಳನ್ನು ದತ್ತು ಪಡೆದು ತಿಂಗಳುಗಟ್ಟಲೆ ಸಂತೈಸಿದವರೂ ಆ ಕಾಲದಲ್ಲಿ ಕಾಣಿಸಿಕೊಂಡರು. ಎರಡು ಪಕ್ಷಗಳ ನಡುವೆ ನಡೆದ ವಾಗ್ವಾದ ಸಾಮಾನ್ಯವಾದದ್ದಲ್ಲ.

ದತ್ತು ಸಾಧ್ಯವಾದದ್ದು ಹೇಗೆಂದರೆ, ನಾರ್ನನ್ನು ಅದರ ಲೋಕದಿಂದ ಎತ್ತಿ ಕಡತವನ್ನಾಗಿ ಮಾಡಿ, ಇಂಟರ್‌ನೆಟ್ಟಿನ ಮೂಲಕ ಇನ್ನೊಬ್ಬರ ಲೋಕಕ್ಕೆ ಕಳುಹಿಸುವ ಏರ್ಪಾಡು ಆಟದಲ್ಲಿಯೇ ಇತ್ತು. ಒಂದೇ ಮನೆಯ ಮೂರು ನಾಲ್ಕು ಮೊಟ್ಟೆಗಳಿಂದ ಬೆಳೆದ ವಂಶ ಬೇಗನೆ ಬಡವಾಗುವುದರಿಂದ, ಹೀಗೆ ಹೊರಗಿನ ಸಂಬಂಧ ತರಿಸಿಕೊಳ್ಳುವುದು ತಳಿಗಾರರಿಗೆ ಅನಿವಾರ್ಯವೂ ಹೌದು. ಬರುವ ಅತಿಥಿಯ ಮಿದುಳೂ ಅದರೊಡನೆಯೇ ಬರುತ್ತದೆ: ಹಿಂದಿನ ಯಜಮಾನ ಕಲಿಸಿದ ಮಾತುಗಳು, ತಾನೇ ಕಂಡುಕೊಂಡ ರುಚಿಗಳು, ಅಲ್ಲಿ ತಿಂದ ಪೆಟ್ಟುಗಳ ಭಯ, ಎಲ್ಲವೂ.